ಸ್ನಾಯು ಮಿಡಿದರೆ ಬಲ ಬಂದೀತೆ?

ವಿದ್ಯುತ್ತಿನಿಂದ ಕಪ್ಪೆಯ ಕಾಲು ಸೆಟೆದುಕೊಳ್ಳುತ್ತದೆಂದು ಗ್ಯಾಲ್ವಾನಿ 1791ರಲ್ಲಿ ಪ್ರಕಟಿಸಿದ್ದನ್ನು ನೀವು ಪಾಠದಲ್ಲಿ ಓದಿರುತ್ತೀರಿ. ಅದೇ ತತ್ತ್ವದ ಪುಟ್ಟ ಯಂತ್ರಗಳು ಈಗ ಅಂಗಡಿಗಳಲ್ಲಿ ದೊರೆಯುತ್ತವೆ. ಪಟ್ಟಿ ಅಂಟಿಸಿಕೊಂಡು ಸುಮ್ಮನೆ ಕುಳಿತರೂ ಸೊರಗಿದ ಸ್ನಾಯು ಬಲಗೊಳ್ಳುತ್ತದೆ, ನೋವೇ ಇಲ್ಲ ಎನ್ನುತ್ತವೆ ಜಾಹೀರಾತುಗಳು. ಸ್ನಾಯು ಮಿಡಿಯುವುದೇನೋ ನಿಜ. ಆದರೆ ಮಿಡಿತ ಬೇರೆ, ಬಲ ಬೇರೆ.

ಇಂಥ ಪ್ರಚಾರಕ್ಕೆ ಇಂಬು ಕೊಟ್ಟದ್ದು 1970ರ ದಶಕದ ಸೋವಿಯತ್ ಪ್ರಯೋಗಗಳು. ಯಾಕೊವ್ ಕೋಟ್ಸ್ 2,500 ಹರ್ಟ್ಸ್ ಆವೃತ್ತಿಯ ಪ್ರವಾಹವನ್ನು 10 ಸೆಕೆಂಡ್ ಹರಿಸಿ, 50 ಸೆಕೆಂಡ್ ಬಿಡುವು ಕೊಟ್ಟು, 10 ಬಾರಿ ಪುನರಾವರ್ತಿಸುತ್ತಿದ್ದರು. ಕ್ರೀಡಾಪಟುಗಳ ಬಲ ಶೇ. 40ರವರೆಗೆ ಹೆಚ್ಚಿತೆಂಬ ಅವರ ಹೇಳಿಕೆ ಬಲು ಬೇಗ ಹಬ್ಬಿತು. ಪ್ರಯೋಗದ ವಿವರಗಳು ಅಷ್ಟು ಬೇಗ ಹೊರಬರಲಿಲ್ಲ.

ದುರ್ಬಲ ಸ್ನಾಯುವಿನ ವಿಷಯದಲ್ಲಿ ಹೆಚ್ಚು ನಂಬಬಹುದಾದ ಪುರಾವೆ 1995ರಲ್ಲಿ ಅಮೆರಿಕದಿಂದ ಬಂತು. ಮಂಡಿಯ ಅಸ್ಥಿರಜ್ಜು ಶಸ್ತ್ರಚಿಕಿತ್ಸೆಯಾದ 110 ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿ ಪರೀಕ್ಷಿಸಲಾಯಿತು. ಪ್ರಬಲ ಪ್ರಚೋದನೆ ಪಡೆದವರ ತೊಡೆಯ ಸ್ನಾಯು, ಅವರದೇ ಆರೋಗ್ಯವಂತ ಕಾಲಿನ ಬಲದ ಶೇ. 70ನ್ನು ಮುಟ್ಟಿತು. ಬರಿಯ ವ್ಯಾಯಾಮದವರು ಶೇ. 57. ಬ್ಯಾಟರಿಯ ಪುಟ್ಟ ಯಂತ್ರದಿಂದ ಮಂದ ಪ್ರಚೋದನೆ ಪಡೆದವರು ಶೇ. 51 ಮಾತ್ರ! ಎರಡೂ 'ವಿದ್ಯುತ್ ಚಿಕಿತ್ಸೆ'ಯೇ. ಹೆಸರು ಒಂದೇ, ಫಲ ಒಂದೇ ಅಲ್ಲ.

ಏಕೆ? ಸ್ನಾಯು ಬೆಳೆಯಲು ಬೇಕಾದದ್ದು ಎಳೆತ. ಅಷ್ಟು ಎಳೆತ ಹುಟ್ಟಿಸುವ ಪ್ರವಾಹ ಚರ್ಮದ ನೋವಿನ ನರಗಳನ್ನೂ ಕೆರಳಿಸುತ್ತದೆ. 'ನೋವೇ ಇಲ್ಲ' ಎಂಬ ಜಾಹೀರಾತನ್ನು ನಾನು ಯಂತ್ರದ ಮಿತಿಯ ಒಪ್ಪಿಗೆಯೆಂದೇ ಓದುತ್ತೇನೆ. ಇನ್ನೊಂದು ತೊಡಕೂ ಇದೆ. ನಾವಾಗಿ ಸ್ನಾಯು ಬಿಗಿಹಿಡಿದಾಗ ಮಿದುಳು ಎಳೆಗಳನ್ನು ಸರದಿಯ ಮೇಲೆ ದುಡಿಸುತ್ತದೆ. ಯಂತ್ರ ಅದೇ ಎಳೆಗಳನ್ನು ಒಟ್ಟಿಗೆ, ಮತ್ತೆ ಮತ್ತೆ ದುಡಿಸುವುದರಿಂದ ಆಯಾಸ ಬೇಗ ಬರುತ್ತದೆ.

ಜಾಹೀರಾತುಗಳು ಮುಟ್ಟದ ಸಂಗತಿ ನರದ್ದು. ಈ ಯಂತ್ರಗಳು ಪ್ರಚೋದಿಸುವುದು ಸ್ನಾಯುವನ್ನಲ್ಲ, ಅದಕ್ಕೆ ಹೋಗುವ ನರವನ್ನು. ಮಿಲಿಸೆಕೆಂಡಿಗೂ ಕಡಿಮೆ ಅವಧಿಯ ಮಿಡಿತ ನರಕ್ಕೆ ಸಾಕು. ನರವೇ ಕಡಿದುಹೋಗಿದ್ದರೆ ಸ್ನಾಯುವಿನ ಎಳೆಗಳಿಗೆ ಅದರ ಹತ್ತಾರು ಪಟ್ಟು ದೀರ್ಘವಾದ ಮಿಡಿತ ಬೇಕು. ಮನೆಬಳಕೆಯ ಯಂತ್ರ ಅಲ್ಲಿ ನಿರುಪಯೋಗಿ. ಹಾಗಾಗಿ ಕೊಳ್ಳುವ ಮುನ್ನ ಸ್ನಾಯು ಸೊರಗಿದ್ದೇಕೆ, ನರ ಉಳಿದಿದೆಯೆ ಎಂದು ವೈದ್ಯರಿಂದ ತಿಳಿದುಕೊಳ್ಳಿ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರಂತೂ ವೈದ್ಯರನ್ನು ಕೇಳದೆ ಪಟ್ಟಿ ಅಂಟಿಸಿಕೊಳ್ಳಲೇಬಾರದು.