ಗಾಯಾಳುವಿನ ಪಿಸುದನಿ: ‘ಹೋಮೇಜ್ ಟು ಕ್ಯಾಟಲೋನಿಯಾ’ದಲ್ಲಿ ಗಾಯ, ಸೆರೆ ಮತ್ತು ಬದುಕುಳಿವು

ಸ್ಪೇನ್‌ನ ಅಂತರ್ಯುದ್ಧವನ್ನು (1936-39) ಕುರಿತ ಅನುಭವಕಥನಗಳಲ್ಲಿ ಜಾರ್ಜ್ ಆರ್ವೆಲ್‌ನ ‘ಹೋಮೇಜ್ ಟು ಕ್ಯಾಟಲೋನಿಯಾ’ (1938) ಕೃತಿಯನ್ನು ಸಾಮಾನ್ಯವಾಗಿ ರಾಜಕೀಯ ಭ್ರಮನಿರಸನದ ದಾಖಲೆಯೆಂದೇ ಪರಿಗಣಿಸಲಾಗಿದೆ. ‘ಅನಿಮಲ್ ಫಾರ್ಮ್’ನ ಲೇಖಕನನ್ನು ಇಲ್ಲಿಯೇ ಅರಸುವ ಈ ಬಗೆಯ ಓದು, ಕೃತಿಯ ಒಳಗಿನ ನೈತಿಕ ಪ್ರಶ್ನೆಯನ್ನು ಮರೆಮಾಡುತ್ತದೆ. ಬದುಕಿ ಬಂದವನ ಮೇಲೆ ಸೆರೆಯಲ್ಲಿ ಉಳಿದವರ ಋಣ ಎಂತಹುದು ಎಂಬುದೇ ಆ ಪ್ರಶ್ನೆ.

1936ರ ಡಿಸೆಂಬರ್‌ನಲ್ಲಿ ಬಾರ್ಸಿಲೋನಾಕ್ಕೆ ಬಂದ ಆರ್ವೆಲ್, ಪಿ.ಓ.ಯು.ಎಂ. ಪಕ್ಷದ ಸ್ವಯಂಸೇವಕ ಪಡೆಯನ್ನು ಸೇರಿದನು. 1937ರ ಮೇ 20ರಂದು ಉಯೆಸ್ಕಾ ರಣರಂಗದಲ್ಲಿ ಗುಂಡೊಂದು ಅವನ ಕತ್ತನ್ನು ತೂರಿಹೋಯಿತು. ಈ ಪ್ರಸಂಗದ ನಿರೂಪಣೆಯಲ್ಲಿ ವೀರಾವೇಶವಿಲ್ಲ. ಹೆಂಡತಿಯ ನೆನಪು, ತನಗೆ ಒಗ್ಗಿದ್ದ ಈ ಲೋಕವನ್ನು ಬಿಟ್ಟುಹೋಗಬೇಕಲ್ಲ ಎಂಬ ಸಿಟ್ಟು, ಇವು ಬಂದ ಕ್ರಮದಲ್ಲಿಯೇ ದಾಖಲಾಗಿವೆ. ಬದುಕಿದ್ದೇ ಅದೃಷ್ಟವೆಂದು ಎಲ್ಲರೂ ಹೇಳುವಾಗ, ಗುಂಡೇ ತಗಲದಿದ್ದರೆ ಅದು ಇನ್ನೂ ದೊಡ್ಡ ಅದೃಷ್ಟವಾಗುತ್ತಿತ್ತೆಂಬ ಅವನ ಧಾಟಿಯು ಹುತಾತ್ಮತೆಯ ಆಕರ್ಷಣೆಯನ್ನು ನಿರಾಕರಿಸುತ್ತದೆ.

ಜೂನ್ 16ರಂದು ಪಕ್ಷವು ನಿಷೇಧಕ್ಕೆ ಒಳಗಾಯಿತು. ದಂಡನಾಯಕ ಜಾರ್ಜ್ ಕಾಪ್ ಬಂಧಿತನಾದನು. ಯುವಕ ಬಾಬ್ ಸ್ಮೈಲಿ ವೆಲೆನ್ಸಿಯಾದ ಸೆರೆಮನೆಯಲ್ಲಿ ಅಸುನೀಗಿದನು. ಸ್ವತಃ ತಲೆಮರೆಸಿಕೊಳ್ಳಬೇಕಾಗಿದ್ದ ಆರ್ವೆಲ್, ಪತ್ನಿಯೊಡನೆ ಸೆರೆಮನೆಗೆ ತೆರಳಿ ಕಾಪ್‌ನನ್ನು ಕಂಡನು. ಅವನ ಬಿಡುಗಡೆಗೆ ನೆರವಾಗಬಹುದಾಗಿದ್ದ ಪತ್ರವೊಂದಕ್ಕಾಗಿ ಸರ್ಕಾರಿ ಕಚೇರಿಯ ಬಾಗಿಲನ್ನೂ ತಟ್ಟಿದನು. ಗಾಯದ ನಂತರ ಸುಮಾರು ಎರಡು ತಿಂಗಳ ಕಾಲ ಅವನ ದನಿ ಪಿಸುಮಾತಿಗಿಂತ ಮೇಲೇರಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ದನಿ ಕಳೆದುಕೊಂಡವನೇ ಸೆರೆಯಾಳಿನ ಪರವಾಗಿ ಮಾತನಾಡಬೇಕಾಯಿತು. ತನ್ನನ್ನು ಬಂಧಿಸಬಹುದಾಗಿದ್ದ ಅಧಿಕಾರಿಯು ಕೈಕುಲುಕಿದ್ದನ್ನು ಆರ್ವೆಲ್ ಮರೆಯದೆ ಬರೆಯುತ್ತಾನೆ. ದ್ವೇಷದ ನಡುವೆಯೂ ಕಂಡ ಸೌಜನ್ಯಕ್ಕೆ ಸಾಕ್ಷಿ ನುಡಿಯುವುದು ಅವನ ದೃಷ್ಟಿಯಲ್ಲಿ ಸತ್ಯದ ಭಾಗವೇ ಆಗಿದೆ.

ಆದರೆ ಈ ಸಾಕ್ಷ್ಯಕ್ಕೂ ಮಿತಿಯುಂಟು. ಹೋಟೆಲಿನಲ್ಲಿ ಕಾದಿದ್ದು, ಕೂಡಲೇ ಹೊರಟುಹೋಗೆಂದು ಎಚ್ಚರಿಸಿ ಅವನನ್ನು ಬಂಧನದಿಂದ ಉಳಿಸಿದವಳು ಪತ್ನಿ ಐಲೀನ್. ಕೃತಿಯಲ್ಲಿ ಆಕೆ ‘ನನ್ನ ಹೆಂಡತಿ’ ಮಾತ್ರ, ಹೆಸರಿಲ್ಲ. ಆನಾ ಫಂಡರ್‌ಳ ‘ವೈಫ್‌ಡಮ್’ (2023) ಈ ಮೌನವನ್ನು ಪ್ರಶ್ನಿಸಿದೆ. ಒಡನಾಡಿಗಳ ಋಣವನ್ನು ಹೆಸರು ಹಿಡಿದು ಸ್ಮರಿಸುವ ಕೃತಿಯು ಮನೆಯೊಳಗಿನ ಋಣವನ್ನು ಹಾಗೆ ಸ್ಮರಿಸದಿರುವುದನ್ನು ಕಡೆಗಣಿಸುವಂತಿಲ್ಲ.

1938ರ ಏಪ್ರಿಲ್‌ನಲ್ಲಿ ಕೃತಿ ಪ್ರಕಟವಾದಾಗ ಕಾಪ್ ಇನ್ನೂ ಸೆರೆಯಲ್ಲಿದ್ದನು. ಬಿಡುಗಡೆಯಾದದ್ದು ಆ ವರ್ಷದ ಕೊನೆಗೆ. ಅಚ್ಚಾದ 1500 ಪ್ರತಿಗಳು 1950ರಲ್ಲಿ ಲೇಖಕನು ತೀರಿಕೊಳ್ಳುವವರೆಗೂ ಮುಗಿದಿರಲಿಲ್ಲ. ಆದ್ದರಿಂದ ಇದನ್ನು ಮುಗಿದ ಯುದ್ಧದ ನೆನಪೆನ್ನುವುದಕ್ಕಿಂತ, ಇನ್ನೂ ಬಿಡುಗಡೆಯಾಗದವರ ಪರವಾಗಿ ಸಲ್ಲಿಸಿದ, ಅಂದು ಕೇಳುವವರು ವಿರಳವಾಗಿದ್ದ ಅಹವಾಲು ಎನ್ನುವುದು ಹೆಚ್ಚು ಸಮಂಜಸ.