ತೋಟದಿಂದ ಬಂದ ಬಿರುದು

ಜಾತ್ರೆಯ ಆಹ್ವಾನ ಪತ್ರಿಕೆ ಕೈಗೆ ಬಂದರೆ ತಾರೀಖಿಗಿಂತ ಮೊದಲು ನನ್ನ ಕಣ್ಣು ಹೋಗುವುದು ಸ್ವಾಮಿಗಳ ಹೆಸರಿನ ಹಿಂದಿನ ಬಿರುದಿಗೆ. ಬೋರನಕಣಿವೆಯಿಂದ ತುರುವೇಕೆರೆವರೆಗೆ ಮಠಗಳಿಗೇನೂ ಬರವಿಲ್ಲ, ಹಾಗಾಗಿ ಈ ಖಯಾಲಿಗೂ ಬರವಿಲ್ಲ. ‘ಮ.ನಿ.ಪ್ರ.’ ಎಂದಿದ್ದರೆ ಶ್ರೀಮನ್ನಿರಂಜನ ಪ್ರಣವಸ್ವರೂಪಿ, ಅಂದರೆ ವಿರಕ್ತ ಮಠದವರು. ‘ಷ.ಬ್ರ.’ ಎಂದಿದ್ದರೆ ಷಟ್‌ಸ್ಥಲ ಬ್ರಹ್ಮಿ, ಶಿವಾಚಾರ್ಯ ಪರಂಪರೆಯವರು; ನಮ್ಮ ಕುಪ್ಪೂರು ಗದ್ದುಗೆ ಮಠದವರ ಹಾಗೆ. ಜನ ಮಾತ್ರ ಇಷ್ಟೆಲ್ಲ ಉರು ಹೊಡೆಯುವುದಿಲ್ಲ. ಎದುರಿಗೆ ಕಂಡರೆ ‘ಬುದ್ಧೀ’ ಎನ್ನುತ್ತಾರೆ, ಅಡ್ಡಬೀಳುತ್ತಾರೆ. 1941ರಿಂದ ಸಿದ್ಧಗಂಗೆಯನ್ನು ನಡೆಸಿದ ಶಿವಕುಮಾರ ಸ್ವಾಮಿಗಳೂ ಈ ಸೀಮೆಗೆ ಕೊನೆವರೆಗೆ ‘ಬುದ್ಧಿಯೋರೇ’.

ನನಗೆ ಎಲ್ಲಕ್ಕಿಂತ ಹಿಡಿಸಿದ ಬಿರುದು ‘ತೋಂಟದಾರ್ಯ’. ದಾಂಟು ದಾಟು ಆದ ಹಾಗೆ ಹಳಗನ್ನಡದ ತೋಂಟ ಇವತ್ತಿನ ತೋಟ. ಅದಕ್ಕೆ ‘ಆರ್ಯ’ ಸೇರಿದೆ. ಗುಬ್ಬಿಯ ಮಲ್ಲಣ್ಣ ಮಲ್ಲಣಾರ್ಯನಾದದ್ದು, ಗೂಳೂರಿನ ಸಿದ್ಧವೀರಣ್ಣ ಸಿದ್ಧವೀರಣಾರ್ಯನಾದದ್ದು ಹೀಗೆಯೇ. ಆದರೆ ಅವರಿಬ್ಬರಲ್ಲಿ ಗೌರವ ಹತ್ತಿದ್ದು ಮನುಷ್ಯನ ಹೆಸರಿಗೆ, ಇಲ್ಲಿ ಹತ್ತಿದ್ದು ಜಮೀನಿಗೆ. ತೆಂಗಿನ ಸೀಮೆಯವನಿಗೆ ಇದಕ್ಕಿಂತ ಖುಷಿ ಬೇಕೆ?

ಆ ಬಿರುದು ಹುಟ್ಟಿದ್ದು ಹೀಗೆ: ಹರದನಹಳ್ಳಿಯಿಂದ ಹೊರಟ ಸಿದ್ಧಲಿಂಗ ಯತಿ ಕುಣಿಗಲ್ ಸೀಮೆಯ ಕಗ್ಗೆರೆಯಲ್ಲಿ, ನಾಗಿನಿ ನದಿ ದಡದ ಭಕ್ತನೊಬ್ಬನ ತೋಟದಲ್ಲಿ ಶಿವಯೋಗಕ್ಕೆ ಕೂತರು. ಮೈಮೇಲೆ ಹುತ್ತ ಬೆಳೆಯಿತು, ಹಸು ಬಂದು ಹಾಲು ಸುರಿಸಿತು ಎನ್ನುತ್ತದೆ ಐತಿಹ್ಯ. ಎಡೆಯೂರಿನಲ್ಲಿ ಅವರ ಗದ್ದುಗೆಯಿದೆ. ಅವರ 701 ವಚನಗಳ ಅಂಕಿತ ‘ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭು’. ಅದರಲ್ಲಿ ತೋಟದ ಸುಳಿವೇ ಇಲ್ಲ. ‘ತೋಂಟದ’ ಎಂದು ಕರೆದವರು ಬೇರೆಯವರು, ಕೂತಿದ್ದ ಜಾಗವನ್ನು ನೋಡಿ ಕರೆದರು. ನನ್ನ ಮಟ್ಟಿಗೆ ಆ ಬಿರುದಿನ ತೂಕವೆಲ್ಲ ಇರುವುದು ಅಲ್ಲೇ. ಜಗದ್ಗುರು ಎಂಬುದು ಇಡೀ ಜಗತ್ತನ್ನು ಕೇಳುತ್ತದೆ. ಇದಕ್ಕೆ ಒಂದು ತೋಟ ಸಾಕು, ಅದೂ ಇನ್ನೊಬ್ಬರದು.

ಹೆಸರು ಬಿರುದಾಗಲು ತಡವೂ ಆಗಲಿಲ್ಲ. 16ನೇ ಶತಮಾನದಲ್ಲೇ ವಿರಕ್ತ ತೋಂಟದಾರ್ಯ ಎಂಬ ಕವಿ ಸಿದ್ಧಲಿಂಗರ ಮೇಲೆ ‘ಸಿದ್ಧೇಶ್ವರ ಪುರಾಣ’ ಬರೆದ. ‘ಕರ್ಣಾಟಕ ಶಬ್ದಮಂಜರಿ’ ಎಂಬ ನಿಘಂಟೂ ಅವನದೇ. ಆಮೇಲೆ ಬಿರುದು ತೆಂಗಿನ ಸೀಮೆ ದಾಟಿ ಎರೆಭೂಮಿಗೆ ಹೋಯಿತು: ಎಡೆಯೂರು-ಡಂಬಳ-ಗದಗ ತೋಂಟದಾರ್ಯ ಮಠ. ಗೋಕಾಕ್ ಚಳವಳಿಗೆ ಬೆನ್ನೆಲುಬಾದ, ಪುಸ್ತಕ ಪ್ರಕಟಣೆಗೆ ಹೆಸರಾದ ತೋಂಟದ ಸಿದ್ಧಲಿಂಗ ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಬೆಳಗಾವಿಯ ನಾಗನೂರು ಮಠದಿಂದ ಆ ಪೀಠಕ್ಕೆ ಬಂದ ಸಿದ್ಧರಾಮ ಸ್ವಾಮಿಗಳು ತೋಂಟದ ಸಿದ್ಧರಾಮ ಸ್ವಾಮಿಗಳಾದರು.

ಪತ್ರಿಕೆ ಅಚ್ಚು ಹಾಕಿಸುವವರಲ್ಲಿ ಒಂದೇ ತಕರಾರು. ‘ಜಗದ್ಗುರು’ವನ್ನು ದಪ್ಪಕ್ಷರದಲ್ಲಿ ಹಾಕಿ ‘ತೋಂಟದ’ವನ್ನು ಅದರ ಹಿಂದೆ ಸಣ್ಣದಾಗಿ ತುರುಕುತ್ತಾರೆ. ನನ್ನನ್ನು ಕೇಳಿದ್ದರೆ ಅದಲುಬದಲು ಮಾಡಿಸುತ್ತಿದ್ದೆ.