ತೆರೆಯ ಹಿಂದಿನ ಚಿತ್ರದಲ್ಲಿ ಬೆಂಗಳೂರು ಎಲ್ಲಿ?

ವಿಡಿಯೋ ಗೇಮ್ ತಯಾರಾದ ಬಗೆಯನ್ನು ತೋರಿಸುವ ಸಾಕ್ಷ್ಯಚಿತ್ರ ಬಹುಕಾಲ ಕೊಸರಾಗಿಯೇ ಬರುತ್ತಿತ್ತು. 2004ರಲ್ಲಿ ‘ಹೇಲೋ 2’ರ ವಿಶೇಷ ಆವೃತ್ತಿ ಕೊಂಡವರಿಗೆ ಆಟದ ಜೊತೆ ಇನ್ನೊಂದು ಡಿವಿಡಿ ಸಿಕ್ಕಿತು. ಅದಕ್ಕೂ ಎರಡು ವರ್ಷ ಮೊದಲು ಜಪಾನಿನ ಕೊನಾಮಿ ‘ಮೆಟಲ್ ಗೇರ್ ಸಾಲಿಡ್ 2’ರ ತಯಾರಿಕೆಗೇ ಒಂದು ಡಿಸ್ಕ್ ಮೀಸಲಿಟ್ಟಿತ್ತು, ಅದರಲ್ಲಿ ಚಿತ್ರಕಥೆಯನ್ನು ಓದಬಹುದಿತ್ತು, ಪಾತ್ರಗಳ ಮಾದರಿಗಳನ್ನು ತಿರುಗಿಸಿ ನೋಡಬಹುದಿತ್ತು. ಇಂದು ಇಂಥ ಎಷ್ಟೋ ಚಿತ್ರಗಳು ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ. ಹುಬ್ಬಳ್ಳಿಯ ಅಮರಗೋಳದಲ್ಲಿ ಕೂತು ಗೇಮ್ ಮಾಡುವ ಕನಸು ಕಾಣುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇವೇ ಪಾಠಶಾಲೆ. ಆದ್ದರಿಂದ ಈ ಪಾಠಶಾಲೆ ಏನು ಕಲಿಸುತ್ತದೆ, ಏನು ಬಿಡುತ್ತದೆ ಎಂದು ಕೇಳಲೇಬೇಕು.

ಈ ಪರಂಪರೆಯ ಪ್ರಧಾನ ಧಾರೆ ನಿರ್ದೇಶಕನ ಕಥೆ. ‘ಗಾಡ್ ಆಫ್ ವಾರ್’ (2018) ಕುರಿತ ‘ರೈಸಿಂಗ್ ಕ್ರೇಟೋಸ್’ 2019ರಲ್ಲಿ ಬಂತು. ಇಡೀ ಆಟ ಎಲ್ಲೂ ಕತ್ತರಿ ಬೀಳದ ಒಂದೇ ಶಾಟ್‌ನಲ್ಲಿ ಸಾಗಬೇಕೆಂಬ ನಿರ್ದೇಶಕ ಕೋರಿ ಬಾರ್ಲಾಗ್ ಅವರ ಹಠವೇ ಅದರ ಜೀವಾಳ. ಕಸುಬಿನ ತೊಡಕುಗಳನ್ನು ಚಿತ್ರ ಚೆನ್ನಾಗಿ ಬಿಡಿಸಿಡುತ್ತದೆ. ಆದರೆ ತನ್ನದೇ ಆಟದ ಬಗ್ಗೆ ಸೋನಿಯೇ ಹೊರತಂದ ಚಿತ್ರವಿದು. ಕೊನೆಗೆ ಗೆಲುವು ಖಚಿತ. ಹಾಗಾಗಿ ಸಹೋದ್ಯೋಗಿಗಳ ಸಂಶಯಗಳು ನಾಯಕ ದಾಟಿದ ಅಡ್ಡಿಗಳಾಗಿಬಿಡುತ್ತವೆ.

ಇದಕ್ಕಿಂತ ದೊಡ್ಡ ಸಾಧನೆ 2023ರ ‘ಸೈಕ್ ಒಡಿಸ್ಸಿ’. ಡಬಲ್ ಫೈನ್ ಸ್ಟುಡಿಯೋ ‘ಸೈಕೋನಾಟ್ಸ್ 2’ ಕಟ್ಟಿದ ವರ್ಷಗಳು 32 ಕಂತುಗಳಲ್ಲಿವೆ. ಕೊನೆ ಏನೆಂದು ಗೊತ್ತಿಲ್ಲದ ಹೊತ್ತಿನಿಂದಲೇ ಕ್ಯಾಮೆರಾ ಅಲ್ಲಿತ್ತು. ಆದ್ದರಿಂದ ತಂಡದ ಭಿನ್ನಮತ, ದಣಿವು, ಕೆಲಸ ಬಿಟ್ಟುಹೋದವರ ನೋವು ಎಲ್ಲವೂ ಉಳಿದಿವೆ. 2024ರಲ್ಲಿ ವಾಲ್ವ್ ತಂದ ‘ಹಾಫ್-ಲೈಫ್ 2’ರ ಚಿತ್ರ ಇನ್ನೊಂದು ಬಗೆಯಲ್ಲಿ ಉದಾರವಾಗಿದೆ. ಪ್ರಕಾಶಕ ಸಂಸ್ಥೆ ವಿವೆಂಡಿ ಜೊತೆಗಿನ ಮೊಕದ್ದಮೆಯಲ್ಲಿ ಕೊರಿಯನ್ ಕಾಗದಪತ್ರಗಳ ರಾಶಿಯಿಂದ ಸಾಕ್ಷ್ಯನಾಶದ ಸುಳಿವು ಹೆಕ್ಕಿದ್ದು ಒಬ್ಬ ಇಂಟರ್ನ್ ಎಂಬುದನ್ನು ಅದು ಕೃತಜ್ಞತೆಯಿಂದ ನೆನೆಯುತ್ತದೆ.

ಆ ಉದಾರತೆಯೂ ಮುಖ್ಯ ಕಚೇರಿಯ ಬಾಗಿಲಿಗೆ ನಿಂತುಬಿಡುತ್ತದೆ, ಹೊರಗಿನ ಗುತ್ತಿಗೆ ಸ್ಟುಡಿಯೋಗಳನ್ನು ತಲುಪುವುದಿಲ್ಲ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್, ಭಾರತದ ಗೇಮ್ ಉದ್ಯಮದ ಮೊದಲಿಗರಲ್ಲೊಂದು. ‘ಫೋರ್ಜಾ ಹೊರೈಜನ್’, ‘ಸೀ ಆಫ್ ಥೀವ್ಸ್’, ‘ಡೇಸ್ ಗಾನ್’ ಆಟಗಳಿಗೆ ಅದರ ಕಲಾವಿದರು ದುಡಿದರು. 2016ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದನ್ನು ಕೊಂಡಿತು. 2019ರಲ್ಲಿ ಸುಮಾರು 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಗೇಮ್ಸ್ ಪಾಲಾಯಿತು. ಇಂಥ ಗುತ್ತಿಗೆ ಸ್ಟುಡಿಯೋಗಳಿಗೆ ಕೆಲಸ ಬಿಡಿಬಿಡಿಯಾಗಿ ಬರುತ್ತದೆ: ಒಂದು ಕಾರು, ಒಂದು ಕಟ್ಟಡ, ಒಂದು ಆಯುಧ. ಬೆಂಗಳೂರು ಸಂಜೆ ಕಳಿಸಿದ್ದಕ್ಕೆ ಅಮೆರಿಕದ ತಿದ್ದುಪಡಿ ಬೆಳಗಾಗುವಷ್ಟರಲ್ಲಿ ಬಂದಿರುತ್ತದೆ. ಗೋಪ್ಯತೆಯ ಕರಾರು ಬಾಯಿ ಕಟ್ಟಿಹಾಕುತ್ತದೆ. ಆಟವೊಂದು ಎರಡು ಖಂಡಗಳ ನಡುವೆ ಹೀಗೆ ರೂಪುಗೊಳ್ಳುವ ಬಗೆ, ನಿರ್ದೇಶಕನ ಹಠಕ್ಕಿಂತ ಕಡಿಮೆ ಕುತೂಹಲದ್ದಲ್ಲ.

ಆಟದ ಕೊನೆಯಲ್ಲಿ ಹೆಸರುಗಳು ಉರುಳುತ್ತವಲ್ಲ, ಸಾಲದೇ ಎಂದು ಕೇಳಬಹುದು. ಸಾಲದು. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ಹೆಸರು ಕೆತ್ತಿದ್ದು ತಾನು ಕಡೆದ ಮದನಿಕೆಯ ಬುಡದಲ್ಲೇ. ಯಾವ ಕೈ ಯಾವ ಶಿಲ್ಪವನ್ನು ಮಾಡಿತೆಂದು ಇಂದಿಗೂ ತಿಳಿಯುತ್ತದೆ. ನೂರಾರು ಹೆಸರುಗಳ ಪಟ್ಟಿ ಹೇಳದ ಈ ವಿವರವನ್ನು ಹೇಳುವ ಶಕ್ತಿ ಇರುವುದು ಸಾಕ್ಷ್ಯಚಿತ್ರಕ್ಕೆ.

ಕರ್ನಾಟಕ ಸರ್ಕಾರದ 2024-29ರ ಎವಿಜಿಸಿ-ಎಕ್ಸ್‌ಆರ್ ನೀತಿ ಅನಿಮೇಷನ್, ಗೇಮಿಂಗ್ ಉದ್ಯಮದ ಬೆಳವಣಿಗೆಯ ಮಾತಾಡುತ್ತದೆ. ಆ ಉದ್ಯಮಕ್ಕೆ ಇಲ್ಲಿ ಆಗಲೇ ಕಾಲು ಶತಮಾನದ ಚರಿತ್ರೆಯಿದೆ. ಅದನ್ನು ಕಟ್ಟಿದ ಮೊದಲ ತಲೆಮಾರಿನವರನ್ನು ಈಗಲೇ, ಕನ್ನಡದಲ್ಲೇ ಮಾತಾಡಿಸಬೇಕು. ಧಾರವಾಡ, ಹುಬ್ಬಳ್ಳಿಯ ಪತ್ರಿಕೋದ್ಯಮ ಮತ್ತು ಎಂಜಿನಿಯರಿಂಗ್ ವಿಭಾಗಗಳು ಕೈಜೋಡಿಸಿದರೆ ಇದಕ್ಕೆ ದೊಡ್ಡ ಬಂಡವಾಳವೇನೂ ಬೇಡ. ಗೋಪ್ಯತೆಯ ಅವಧಿ ಮುಗಿದ ಹಳೆಯ ಯೋಜನೆಗಳಿಂದ, ಒಂದು ಕಾರಿನ ಒಳಾಂಗಣವನ್ನು ವಾರಗಟ್ಟಲೆ ತಿದ್ದಿದ ಕಲಾವಿದರಿಂದ, ಕೆಲಸ ಶುರುಮಾಡಬಹುದು.